ಪರದೆಯ ಮೇಲೆ ಒಪೆರಾ: ಯಾವುದನ್ನು ಮೊದಲು ನೋಡೋದು?

ಹೋದ ತಿಂಗಳು ಮಾಟುಂಗಾದಲ್ಲಿ ಕನ್ನಡದ ಕಾರ್ಯಕ್ರಮವೊಂದು ಮುಗಿದ ಮೇಲೆ ಕೆಳಗೆ ಕಾಫಿ ಕುಡಿಯುತ್ತಾ ನಿಂತಿದ್ದೆವು. ಮೂರು ಜನ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು. ಒಪೆರಾ ನೋಡಬೇಕು ಅಂತ ಆಸೆ ಇದೆ, ಆದರೆ ಹುಡುಕಿದರೆ ಒಂದೇ ಕಥೆಗೆ ಹತ್ತು ವಿಡಿಯೊ ಸಿಗುತ್ತವೆ, ಯಾವುದನ್ನು ಹಾಕೋದು? ಒಪೆರಾ ಅಂದರೆ ಕಥೆಯನ್ನು ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ಹೇಳುವ ಪಾಶ್ಚಾತ್ಯ ಸಂಗೀತ ನಾಟಕ.

ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಭೀಮಸೇನ ಜೋಶಿಯವರನ್ನು ಎದುರಿಗೆ ಕೂತು ಕೇಳಿದ ಕಿವಿ ಅವರದು. ಇನ್ನೊಬ್ಬಳು ನಾಟಕ ಮಾಡುವ ಹುಡುಗಿ. ಮೂರನೆಯವರು ಡೊಂಬಿವಲಿಯವರು, ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ. ಮೂವರಿಗೂ ಒಂದೇ ಹೆಸರು ಹೇಳಿ ಕಳಿಸೋಕೆ ಮನಸ್ಸಾಗಲಿಲ್ಲ. ಮೊದಲ ಒಪೆರಾ ತಪ್ಪಾಗಿ ಸಿಕ್ಕರೆ ಜನ ಎರಡನೆಯದಕ್ಕೆ ಬರುವುದಿಲ್ಲ. ಅದನ್ನು ನನ್ನ ಸ್ನೇಹಿತರಲ್ಲೇ ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಅವತ್ತು ನಿಂತಲ್ಲೇ ಹೇಳಲು ಆಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಳತೆಗಳು

ನನ್ನ ಅಮ್ಮ ಕುಂದಾಪುರದ ಕಡೆಯವಳು. ಬಯಲಾಟ ನೋಡಿಯೇ ಬೆಳೆದವಳು. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ಬಿಡುವು. ಆಗ ಕಲಾವಿದರು ಮುಂಬಯಿಗೆ ಬಂದು ಆಟ ಆಡುತ್ತಾರೆ. ಅಮ್ಮ ಅದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳಿಗೆ ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ಒಪೆರಾ ತೋರಿಸಿದೆ. ಹತ್ತು ನಿಮಿಷ ನೋಡಿ ಕೇಳಿದಳು, "ಭಾಗವತರು ಎಲ್ಲಿ ಕೂತಿದ್ದಾರೆ?" ಭಾಗವತರು ಇಲ್ಲ ಅಮ್ಮ, ಹಾಡ್ತಿರೋದು ಅವಳೇ ಅಂದೆ. "ಓಡುವುದೂ ಅವಳೇ, ಅಳುವುದೂ ಅವಳೇ, ಹಾಡುವುದೂ ಅವಳೇಯಾ? ಉಸಿರು ಸಾಕಾಗ್ತದಾ ಅವಳಿಗೆ?"

ಆ ಕೊನೆಯ ಪ್ರಶ್ನೆಯೇ ನನ್ನ ಮೊದಲ ಅಳತೆಗೋಲು. ನಾವು ದನಿ ಒಬ್ಬರದು, ದೇಹ ಇನ್ನೊಬ್ಬರದು ಅನ್ನುವುದಕ್ಕೆ ಒಗ್ಗಿ ಹೋದವರು. ಯಕ್ಷಗಾನದಲ್ಲಿ ಭಾಗವತರು ಹಾಡಿದರೆ ವೇಷಧಾರಿ ಕುಣಿಯುತ್ತಾನೆ. ಇದೇ ಮುಂಬಯಿಯ ಸ್ಟುಡಿಯೋಗಳಲ್ಲಿ ಲತಾ ಹಾಡಿದರು, ತೆರೆಯ ಮೇಲೆ ನಾಯಕಿ ತುಟಿ ಆಡಿಸಿದಳು. ಅದೂ ಒಂದು ದೊಡ್ಡ ಕಲೆ, ನಾನು ಅದನ್ನು ಕಡಿಮೆ ಅನ್ನುತ್ತಿಲ್ಲ. ಆದರೆ ಒಪೆರಾದ ಮಜವೇ ಬೇರೆ. ಅಲ್ಲಿ ಒಂದೇ ದೇಹ ಎರಡನ್ನೂ ಮಾಡಬೇಕು. ಅದೂ ಮೈಕ್ ಇಲ್ಲದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚಿಕ್ಕದಾಗಿ ಮೆಟ್) ಸುಮಾರು 3,800 ಆಸನಗಳಿವೆ. ಎದುರಿಗೆ ಪೂರ್ತಿ ಆರ್ಕೆಸ್ಟ್ರಾ. ಕೊನೆಯ ಸಾಲಿನವರಿಗೂ ಬರೀ ಗಂಟಲಿನಿಂದ ಕೇಳಿಸಬೇಕು. ತರಬೇತಾದ ಕಂಠದಲ್ಲಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ವಿಶೇಷ ಶಕ್ತಿ ಸೇರಿಕೊಳ್ಳುತ್ತದೆ. ಆ ಜಾಗದಲ್ಲಿ ವಾದ್ಯಗಳ ಜೋರು ಕಡಿಮೆ. ಆ ಸಂದಿಯಲ್ಲಿ ದನಿ ನುಸುಳಿಕೊಂಡು ನಮ್ಮ ತನಕ ಬರುತ್ತದೆ.

ಹಾಗಾಗಿ ವಿಡಿಯೊ ಆರಿಸುವಾಗ ಮೊದಲು ಕೇಳಿಕೊಳ್ಳಿ: ಹಾಡುವವರ ಉಸಿರು ನನಗೆ ಕಾಣುತ್ತದಾ? ಎದೆ ಏಳುವುದು, ಕತ್ತಿನ ನರ ಬಿಗಿಯುವುದು, ದೊಡ್ಡ ಸ್ವರ ಮುಗಿದ ಮೇಲೆ ಕಣ್ಣಲ್ಲಿ ಬರುವ ಆ ಒಂದು ಕ್ಷಣದ ನಿರಾಳ. ಇವು ಸಿಕ್ಕರೆ ಆ ವಿಡಿಯೊ ವರ್ಷಗಟ್ಟಲೆ ನೆನಪಿರುತ್ತದೆ.

ಎರಡನೆಯದು ಕ್ಯಾಮೆರಾ. ಒಳ್ಳೆಯ ನಿರ್ದೇಶಕ ಹಾಡಿನ ಮಧ್ಯೆ ಕ್ಯಾಮೆರಾವನ್ನು ಸುಮ್ನೆ ಬಿಡುತ್ತಾನೆ. ನಾಲ್ಕು ಸೆಕೆಂಡಿಗೊಮ್ಮೆ ಶಾಟ್ ಬದಲಾದರೆ ಹಾಡಿನ ಸಾಲು ಕಣ್ಣಿನಲ್ಲೇ ತುಂಡಾಗುತ್ತದೆ. ತೀರಾ ಹತ್ತಿರ ಹೋದರೂ ಕಷ್ಟ. ಒಪೆರಾ ಹಾಡುವವರ ಬಾಯಿ ಅಗಲವಾಗಿ ತೆರೆಯುತ್ತದೆ, ಅದನ್ನು ಪರದೆ ತುಂಬ ನೋಡುವುದು ಹೊಸಬರಿಗೆ ಮುಜುಗರ. ಸೊಂಟದಿಂದ ಮೇಲಿನ ಶಾಟ್ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅದರಲ್ಲಿ ಮುಖವೂ ಉಸಿರೂ ಎರಡೂ ಇರುತ್ತವೆ.

ಮೂರನೆಯದು ದನಿಯ ಗಾತ್ರ. ಇಲ್ಲಿ ನಾವು ಕಳೆದುಕೊಳ್ಳುವುದನ್ನು ಒಪ್ಪಿಕೊಳ್ಳಬೇಕು. ಹಾಲ್‌ನಲ್ಲಿ ಮೈಕ್ ಇಲ್ಲದಿದ್ದರೂ ಚಿತ್ರೀಕರಣಕ್ಕೆ ಮೈಕ್ ಬೇಕೇ ಬೇಕು. ಒಮ್ಮೆ ಮೈಕ್ ಬಂದರೆ ಸಣ್ಣ ದನಿಯೂ ದೊಡ್ಡ ದನಿಯೂ ಒಂದೇ ಅಳತೆಗೆ ಬಂದುಬಿಡುತ್ತವೆ. ವಿಡಿಯೊ ನೋಡಿ "ಇವರ ದನಿ ಎಷ್ಟು ದೊಡ್ಡದು" ಅಂತ ತೀರ್ಮಾನ ಮಾಡಬೇಡಿ. ದನಿಯ ಬಣ್ಣ, ಮಾತಿನ ಸ್ಪಷ್ಟತೆ, ಭಾವ, ಇವನ್ನು ಧಾರಾಳವಾಗಿ ಅಳೆಯಬಹುದು.

ಉಳಿದವು ಸಬ್‌ಟೈಟಲ್, ಹೊತ್ತು, ದುಡ್ಡು. ಸಬ್‌ಟೈಟಲ್ ಇಲ್ಲದ ವಿಡಿಯೊವನ್ನು ಮೊದಲ ಸಲ ನೋಡಲೇಬೇಡಿ. ಒಮ್ಮೆ ಒಂದು ಸಣ್ಣ ಸಭಾಂಗಣದಲ್ಲಿ ಸಬ್‌ಟೈಟಲ್ ಬರಲೇ ಇಲ್ಲ. ಮಧ್ಯಂತರಕ್ಕೆ ಅರ್ಧ ಜನ ಎದ್ದು ಹೋದರು. ಹಾಡಿದವರ ತಪ್ಪು ಒಂದಿಷ್ಟೂ ಇರಲಿಲ್ಲ. ನನಗೆ ಇವತ್ತಿಗೂ ಅದು ಬೇಜಾರು.

ಮೂರು ತ್ರಾವಿಯಾತಾ

ಹೆಚ್ಚು ಜನ ತಡವರಿಸುವುದು ಇಲ್ಲಿಯೇ. ಇಟಲಿಯ ಸಂಗೀತ ರಚನಕಾರ ವೆರ್ದಿಯ "ಲಾ ತ್ರಾವಿಯಾತಾ" ಮೊದಲ ಒಪೆರಾ ಆಗಲು ತುಂಬಾ ಸರಿಯಾದದ್ದು. ಕಥೆ ನಮಗೆ ಹೊಸದಲ್ಲ. ಪ್ಯಾರಿಸಿನ ವೇಶ್ಯೆ ವಿಯೊಲೆತ್ತಾ. ಕ್ಷಯ ಹಿಡಿದಿದೆ. ಆಲ್ಫ್ರೆಡೊ ಎಂಬ ಹುಡುಗ ಅವಳನ್ನು ನಿಜವಾಗಿ ಪ್ರೀತಿಸುತ್ತಾನೆ. ಅವನ ಅಪ್ಪ ಬಂದು, ನನ್ನ ಮಗಳ ಮದುವೆ ನಿಂತುಹೋಗುತ್ತದೆ, ನೀನು ಅವನನ್ನು ಬಿಟ್ಟುಬಿಡು ಅನ್ನುತ್ತಾನೆ. ಅವಳು ಬಿಡುತ್ತಾಳೆ.

1853ರಲ್ಲಿ ವೆನಿಸ್‌ನಲ್ಲಿ ಇದರ ಮೊದಲ ಪ್ರದರ್ಶನ ಸೋತಿತು. ಕ್ಷಯದಿಂದ ಸಾಯುವ ಪಾತ್ರದಲ್ಲಿ ದಪ್ಪಗಿನ ಗಾಯಕಿ ಇದ್ದರೆಂದು ಜನ ನಕ್ಕರು. ಹಾಡಿಗೆ ಮುಖ ಹೊಂದಬೇಕೋ ಬೇಡವೋ ಅನ್ನುವ ಜಗಳ ಕ್ಯಾಮೆರಾ ಬರುವ ಮೊದಲೇ ಇತ್ತು ಅಂತಾಯಿತು.

ನಾನು ಹೇಳುವ ಮೂರು ರೂಪಗಳು ಇವು: 1982ರಲ್ಲಿ ನಿರ್ದೇಶಕ ಜೆಫಿರೆಲ್ಲಿ ಮಾಡಿದ ಸಿನಿಮಾ, 1994ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾ ಮನೆಯಲ್ಲಿ ನಡೆದದ್ದು, 2005ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಉತ್ಸವದಲ್ಲಿ ನಡೆದದ್ದು.

ಜೆಫಿರೆಲ್ಲಿಯದು ನಿಜವಾದ ಸಿನಿಮಾ. ಮೊದಲೇ ಹಾಡು ರೆಕಾರ್ಡ್ ಮಾಡಿ, ಆಮೇಲೆ ತುಟಿ ಹೊಂದಿಸಿ ತೆಗೆದದ್ದು. ತೆರೇಸಾ ಸ್ಟ್ರಾಟಾಸ್ ವಿಯೊಲೆತ್ತಾ, ಪ್ಲಾಸಿಡೊ ಡೊಮಿಂಗೊ ಆಲ್ಫ್ರೆಡೊ. ಶುರುವಾಗುವಾಗಲೇ ಅವಳು ಸಾಯುತ್ತಿದ್ದಾಳೆ. ಮನೆಯ ಸಾಮಾನುಗಳನ್ನು ಕಟ್ಟುತ್ತಿದ್ದಾರೆ. ಆಮೇಲೆ ಹಳೆಯ ದಿನಗಳು ತೆರೆದುಕೊಳ್ಳುತ್ತವೆ. ದೀಪ, ಕನ್ನಡಿ, ರೇಷ್ಮೆ, ಕಣ್ಣಿಗೆ ಹಬ್ಬ. ಪಾರ್ಟಿಯ ನೃತ್ಯಕ್ಕೆ ಮಾಸ್ಕೋದ ಬೊಲ್ಶೊಯ್ ಬ್ಯಾಲೆಯ ಮ್ಯಾಕ್ಸಿಮೋವಾ ಮತ್ತು ವಾಸಿಲಿಯೆವ್ ಬಂದಿದ್ದಾರೆ. ಸ್ಟ್ರಾಟಾಸ್ ಅವರ ಸಣಕಲು ಮೈ, ದೊಡ್ಡ ಕಣ್ಣು ನೋಡಿದರೆ ಕಾಯಿಲೆ ಅಂತ ಬಾಯಿಬಿಟ್ಟು ಹೇಳುವುದೇ ಬೇಡ. ಎರಡು ಗಂಟೆಯೊಳಗೆ ಮುಗಿಯುತ್ತದೆ, ಯಾಕೆಂದರೆ ಸಂಗೀತಕ್ಕೆ ಸಾಕಷ್ಟು ಕತ್ತರಿ ಬಿದ್ದಿದೆ. ಹಾಗೆಯೇ ಹಾಡುವ ಉಸಿರು ಇಲ್ಲಿ ಕಾಣುವುದಿಲ್ಲ. ಎಷ್ಟು ಚೆನ್ನಾಗಿ ತುಟಿ ಹೊಂದಿಸಿದರೂ ಕತ್ತು ಸಡಿಲವಾಗಿಯೇ ಇರುತ್ತದೆ. ಹಿಂದಿ ಸಿನಿಮಾ ನೋಡಿ ಬೆಳೆದ ಹಿರಿಯರಿಗೆ ಇದು ಸುಲಭವಾಗಿ ಒಗ್ಗುತ್ತದೆ. ನನ್ನ ಅತ್ತೆಗೆ ತೋರಿಸಿದ್ದು ಇದನ್ನೇ, ಅವರು ಮೊದಲಿಂದ ಕೊನೆಯವರೆಗೂ ಕದಲಲಿಲ್ಲ.

1994ರದು ವೇದಿಕೆಯದು. ಆಂಜೆಲಾ ಗಿಯೋರ್ಗಿಯುಗೆ ಆಗ 29 ವರ್ಷ. ಆರ್ಕೆಸ್ಟ್ರಾ ನಡೆಸಿದ ಜಾರ್ಜ್ ಶೋಲ್ಟಿಗೆ 82. ಬಿಬಿಸಿ ತನ್ನ ಎರಡನೇ ಚಾನೆಲ್ಲಿನ ನಿಗದಿಯಾದ ಕಾರ್ಯಕ್ರಮಗಳನ್ನು ಬದಿಗಿಟ್ಟು ಇದನ್ನು ನೇರ ಪ್ರಸಾರ ಮಾಡಿತು. ಉಡುಪು, ಮನೆ, ಎಲ್ಲ ಆ ಕಾಲದ್ದೇ. ಗೊಂದಲವೇ ಇಲ್ಲ. ಹುಡುಗಿಯೊಬ್ಬಳು ಒಂದೇ ರಾತ್ರಿಯಲ್ಲಿ ದೊಡ್ಡ ಗಾಯಕಿಯಾಗುವುದನ್ನು ನೋಡುತ್ತಿದ್ದೇವೆ ಅನ್ನಿಸುತ್ತದೆ. ಕಥೆಯೂ ಪೂರ್ತಿ ಬೇಕು, ಉಸಿರೂ ಕಾಣಬೇಕು, ವಿಚಿತ್ರ ಪ್ರಯೋಗ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

2005ರ ಸಾಲ್ಸ್‌ಬರ್ಗ್‌ನಲ್ಲಿ ನಿರ್ದೇಶಕ ವಿಲಿ ಡೆಕರ್ ಎಲ್ಲವನ್ನೂ ತೆಗೆದು ಹಾಕಿದ್ದಾರೆ. ಬಾಗಿದ ಬಿಳಿ ಗೋಡೆ, ಒಂದು ದೊಡ್ಡ ಗಡಿಯಾರ, ಕೆಂಪು ಸೋಫಾ. ಆನಾ ನೆಟ್ರೆಬ್ಕೊ ಮೈಮೇಲೆ ಕೆಂಪು ಉಡುಪು. ಕೋರಸ್‌ನ ಹೆಂಗಸರೂ ಗಂಡಸರ ಸೂಟಿನಲ್ಲೇ ಇದ್ದಾರೆ. ಡಾಕ್ಟರ್ ಪಾತ್ರದವರು ಮೊದಲಿಂದಲೂ ಸಾವಿನ ಹಾಗೆ ಸುಮ್ಮನೆ ಕಾದಿದ್ದಾರೆ. ನೆಟ್ರೆಬ್ಕೊ ಓಡುತ್ತಾರೆ, ಸೋಫಾ ಹತ್ತುತ್ತಾರೆ, ಬೀಳುತ್ತಾರೆ, ಮಲಗಿಕೊಂಡೇ ಹಾಡುತ್ತಾರೆ. ಅಮ್ಮ "ಉಸಿರು ಸಾಕಾಗ್ತದಾ" ಅಂತ ಕೇಳಿದ್ದು ಇದನ್ನು ನೋಡಿಯೇ. ರೊಲಾಂಡೊ ವಿಲಾಸೋನ್ ಅವರ ಆಲ್ಫ್ರೆಡೊ ಕೂಡ ಬೆಂಕಿಯಂಥವನು. ನಾಟಕದ ಹುಡುಗಿಗೆ ನಾನು ಹೇಳಿದ್ದು ಇದನ್ನೇ, ನನ್ನ ಸ್ವಂತ ಆಯ್ಕೆಯೂ ಇದೇ. ಆದರೆ ಕಥೆ ಗೊತ್ತಿಲ್ಲದವರು ಮೊದಲು ಇದನ್ನು ನೋಡಿದರೆ ಅವಳು ಪ್ಯಾರಿಸಿನಲ್ಲಿದ್ದಾಳೋ ಆಸ್ಪತ್ರೆಯಲ್ಲಿದ್ದಾಳೋ ಅಂತ ಗೊಂದಲ ಆಗಬಹುದು.

ಇನ್ನೂ ತೀರ್ಮಾನ ಆಗದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಮೂರರಲ್ಲೂ ಕೊನೆಯ ಅಂಕದ ಪತ್ರದ ಜಾಗಕ್ಕೆ ಹೋಗಿ. ವಿಯೊಲೆತ್ತಾ ಹಾಸಿಗೆ ಹಿಡಿದಿದ್ದಾಳೆ. ಆಲ್ಫ್ರೆಡೊ ಬರುತ್ತಾನೆ ಅಂತ ಅವನ ಅಪ್ಪ ಬರೆದ ಪತ್ರವನ್ನು ಓದುತ್ತಾಳೆ. ಆ ಪತ್ರವನ್ನು ಹಾಡುವಂತಿಲ್ಲ, ಬರೀ ಮಾತಿನಲ್ಲಿ ಓದಬೇಕು. ಹಿಂದೆ ಪಿಟೀಲು ಮಾತ್ರ ಅವರ ಹಳೆಯ ಪ್ರೀತಿಯ ರಾಗವನ್ನು ಸಣ್ಣಗೆ ನುಡಿಸುತ್ತದೆ. ಓದಿ ಮುಗಿಸಿ "ತಡವಾಯಿತು" ಅನ್ನುತ್ತಾಳೆ. ಆಮೇಲೆ ಹಾಡು ಶುರು. ಎರಡು ಗಂಟೆ ಹಾಡಿದವಳು ಹಾಡು ಬಿಟ್ಟು ಮಾತಿಗೆ ಇಳಿದ ಆ ಗಳಿಗೆಯಲ್ಲಿ ಯಾರ ಮುಖ ನಿಮ್ಮನ್ನು ಹಿಡಿದಿಡುತ್ತದೋ, ಅವರ ವಿಡಿಯೊವನ್ನೇ ಮೊದಲಿನಿಂದ ಹಾಕಿ. ಮೂರಕ್ಕೂ ಸೇರಿ ಅರ್ಧ ಗಂಟೆ ಸಾಕು.

ತೋಸ್ಕಾ: ಒಂದು ಅಂಕ, ಒಂದು ಊರು

ಪುಚ್ಚೀನಿಯ "ತೋಸ್ಕಾ" 1900ರದು. ಕಥೆ ನಡೆಯುವುದು 1800ರ ರೋಮ್‌ನಲ್ಲಿ, ಒಂದು ಮಧ್ಯಾಹ್ನದಿಂದ ಮರುದಿನದ ಬೆಳಗಿನ ಜಾವದ ತನಕ. ತೋಸ್ಕಾ ಸ್ವತಃ ಗಾಯಕಿ. ಅವಳ ಪ್ರಿಯಕರನಿಗೆ ಚಿತ್ರಹಿಂಸೆ ಕೊಡುತ್ತಾ, ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಅವಳ ಮೈಯನ್ನೇ ಬೆಲೆಯಾಗಿ ಕೇಳುತ್ತಾನೆ.

ಬ್ಯಾಂಕಿನ ಹಿರಿಯರಿಗೆ ನಾನು ಹೇಳಿದ್ದು 1964ರ ಫೆಬ್ರವರಿ 9ರ ಕೋವೆಂಟ್ ಗಾರ್ಡನ್ ಚಿತ್ರೀಕರಣ. ಎರಡನೇ ಅಂಕ ಮಾತ್ರ ಇದೆ. ಕಪ್ಪು-ಬಿಳುಪು. ಮರಿಯಾ ಕಲಾಸ್ ತೋಸ್ಕಾ, ಟಿಟೊ ಗೊಬ್ಬಿ ಸ್ಕಾರ್ಪಿಯಾ. ಕಲಾಸ್‌ಗೆ ಆಗ ಬರೀ 40 ವರ್ಷ, ಆದರೆ ದನಿ ಆಗಲೇ ಸವೆದಿತ್ತು. ಮೇಲಿನ ಸ್ವರಗಳು ನಡುಗುತ್ತವೆ. ಮರುವರ್ಷ ಇದೇ ಪಾತ್ರದೊಂದಿಗೆ, ಇದೇ ವೇದಿಕೆಯಲ್ಲಿ ಅವರು ಒಪೆರಾ ರಂಗಕ್ಕೆ ವಿದಾಯ ಹೇಳಿದರು. ಹಿಂದುಸ್ತಾನಿ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದ ಗಾಯಕರು ತಾರ ಷಡ್ಜ ಮುಟ್ಟಲು ಒದ್ದಾಡಿದರೂ, ಅಲ್ಲಿಗೆ ಹೋಗುವ ದಾರಿಯಲ್ಲೇ ನಮ್ಮ ಕಣ್ಣು ತುಂಬಿಸುವುದಿಲ್ವಾ? ಅಂಥದ್ದೇ ಇದು.

ಇದರಲ್ಲಿ ಹಾಡಿಗಿಂತ ಹೆಚ್ಚು ನೆನಪಿರುವ ಒಂದು ಜಾಗ ಇದೆ. ತೋಸ್ಕಾ ಸೋತು ಮೇಜಿನ ಹತ್ತಿರ ಬಂದು ವೈನ್ ಗ್ಲಾಸ್ ಎತ್ತಿಕೊಳ್ಳುತ್ತಾಳೆ. ಕಣ್ಣು ಅಲ್ಲಿರುವ ಚಾಕುವಿನ ಮೇಲೆ ಬೀಳುತ್ತದೆ. ಕಲಾಸ್ ಆಗ ಹಾಡುತ್ತಿಲ್ಲ. ಆದರೂ ಕೊಲೆ ಆ ನೋಟದಲ್ಲೇ ನಡೆದುಹೋಗುತ್ತದೆ. ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಅಷ್ಟು ಕಂಡಿರಲಾರದು. ಚಿತ್ರೀಕರಣ ನಮಗೆ ಕೊಟ್ಟ ದೊಡ್ಡ ಉಡುಗೊರೆ ಇಂಥ ಕ್ಷಣಗಳೇ. ಆಮೇಲೆ ಗೊಬ್ಬಿ. ಅವರ ಸ್ಕಾರ್ಪಿಯಾ ಕಿರುಚುವ ಖಳನಾಯಕನಲ್ಲ, ಊಟದ ಮೇಜಿನ ಮುಂದೆ ಸಭ್ಯವಾಗಿ ಕೂತಿರುವ ಅಧಿಕಾರಿ. ಅದಕ್ಕೇ ಅಷ್ಟು ಹೆದರಿಕೆ ಹುಟ್ಟುತ್ತದೆ. ಎದುರಿಗೆ ಇಷ್ಟು ಗಟ್ಟಿ ಆಳು ಇರದಿದ್ದರೆ ಕಲಾಸ್ ಕೂಡ ಇಷ್ಟು ಎತ್ತರ ಏರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು 1992ರ ಜುಲೈನಲ್ಲಿ ರೋಮ್‌ನಿಂದ ನೇರ ಪ್ರಸಾರವಾದ ತೋಸ್ಕಾ. ಕಥೆಯಲ್ಲಿ ಹೇಳಿರುವ ಚರ್ಚು, ಅರಮನೆ, ಕೋಟೆ, ಆಯಾ ಜಾಗಗಳಲ್ಲೇ, ಹೇಳಿರುವ ಹೊತ್ತಿಗೇ ಹಾಡಿದರು. ಮಧ್ಯಾಹ್ನ ಸಂತ್ ಅಂದ್ರೆಯಾ ಚರ್ಚಿನಲ್ಲಿ ಮೊದಲ ಅಂಕ. ರಾತ್ರಿ ಫಾರ್ನೇಸೆ ಅರಮನೆಯಲ್ಲಿ ಎರಡನೆಯದು. ಮರುದಿನ ಬೆಳಗಿನ ಜಾವ ಸಂತ್ ಆಂಜೆಲೊ ಕೋಟೆಯ ಮೇಲೆ ಮೂರನೆಯದು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಟಿವಿಯಲ್ಲಿ ಬಂತು. ಆರ್ಕೆಸ್ಟ್ರಾ ಅಲ್ಲಿರಲಿಲ್ಲ, ಊರಿನ ಇನ್ನೊಂದು ಕಡೆ ಸ್ಟುಡಿಯೋದಲ್ಲಿತ್ತು. ಕ್ಯಾಥರಿನ್ ಮಾಲ್ಫಿತಾನೊ, ಡೊಮಿಂಗೊ, ರುಜ್ಜೇರೊ ರೈಮೊಂಡಿ ಇವರಿಗೆ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕಾಣುತ್ತಿದ್ದದ್ದು ಬಚ್ಚಿಟ್ಟ ಟಿವಿ ಪರದೆಗಳಲ್ಲಿ. ಆ ಕಂಡಕ್ಟರ್ ಯಾರು ಗೊತ್ತಾ? ನಮ್ಮದೇ ಊರಿನ ಜುಬಿನ್ ಮೆಹ್ತಾ. 1936ರಲ್ಲಿ ಇಲ್ಲೇ ಮುಂಬಯಿಯಲ್ಲಿ ಹುಟ್ಟಿದವರು. ಅವರ ತಂದೆ ಮೆಹ್ಲಿ ಮೆಹ್ತಾ ಬಾಂಬೆ ಸಿಂಫನಿ ಕಟ್ಟಿದವರು.

ಎರಡರಲ್ಲಿ ಯಾವುದು? ಪೂರ್ತಿ ಕಥೆ, ಜಾಗದ ಸೊಗಸು, ಮನೆಮಂದಿಯೆಲ್ಲ ಕೂತು ನೋಡುವುದಾದರೆ 1992ರದು. ಅದರಲ್ಲಿ ಪ್ಲೇಬ್ಯಾಕ್ ಇಲ್ಲ, ಕಲ್ಲಿನ ಗೋಡೆಗಳ ನಡುವೆ ನಿಜವಾಗಿ ಹಾಡಿದ್ದಾರೆ. ಆದರೆ ದೂರದ ಆರ್ಕೆಸ್ಟ್ರಾ ಜೊತೆ ಹಾಡುವಾಗ ಅಲ್ಲಲ್ಲಿ ಒಂದು ಎಚ್ಚರಿಕೆ, ಒಂದು ಬಿಗಿ ಕಾಣುತ್ತದೆ. ಒಂದೇ ಮುಖವನ್ನು ನೋಡುತ್ತಾ ಮುಳುಗಿ ಹೋಗಬೇಕು ಅಂದರೆ 1964ರದು. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ರಾತ್ರಿ ನಿದ್ದೆ ಬರುವುದು ಕಷ್ಟ.

ಏನೋ ಎಡವಟ್ಟಾದಾಗ

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನೇರವಾಗಿ ಹಾಡಿದ್ದನ್ನು ಚಿತ್ರೀಕರಿಸಿದಾಗ ಸಿಗುವ ದೊಡ್ಡ ಲಾಭ, ಯಾರೂ ಯೋಜಿಸದ ಸಂಗತಿಗಳು. 2009ರ ಜುಲೈನಲ್ಲಿ ಲಂಡನ್ನಿನಲ್ಲಿ ರೊಸ್ಸೀನಿಯ "ಬಾರ್ಬರ್ ಆಫ್ ಸೆವಿಲ್" ನಡೆದಾಗ ರೊಸೀನಾ ಪಾತ್ರದ ಜಾಯ್ಸ್ ಡಿಡೊನಾಟೊ ಮೊದಲ ದಿನವೇ ವೇದಿಕೆಯಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡರು. ಆದರೂ ಆಟ ಮುಗಿಸಿದರು. ಉಳಿದ ಪ್ರದರ್ಶನಗಳನ್ನು ಗಾಲಿಕುರ್ಚಿಯಲ್ಲಿ ಕೂತು ಮಾಡಿದರು. ಡಿವಿಡಿಯಾಗಿ ಬಂದದ್ದು ಆ ಗಾಲಿಕುರ್ಚಿಯ ರೂಪವೇ. ರೊಸೀನಾ ಮನೆಯಲ್ಲಿ ಕೂಡಿಹಾಕಿದ ಹುಡುಗಿ. ಗಾಲಿಕುರ್ಚಿ ಪಾತ್ರಕ್ಕೆ ಎಷ್ಟು ಹೊಂದಿತು ಅಂದರೆ ಬೇಕೆಂದೇ ಇಟ್ಟ ಹಾಗಿದೆ. ಜೊತೆಗೆ ಹುವಾನ್ ದಿಯೆಗೊ ಫ್ಲೋರೆಜ್ ಇದ್ದಾರೆ. ನಗು ಬೇಕು, ಸಾವು ಬೇಡ ಅನ್ನುವ ಮನೆಗಳಿಗೆ ಕಣ್ಣು ಮುಚ್ಚಿ ಇದನ್ನು ಹೇಳುತ್ತೇನೆ.

ಅದೇ ಫ್ಲೋರೆಜ್ 2007ರಲ್ಲಿ ಲಂಡನ್ನಿನಲ್ಲೇ ನತಾಲಿ ದೆಸ್ಸೇ ಜೊತೆ ದೊನಿಜೆತ್ತಿಯ "ರೆಜಿಮೆಂಟಿನ ಮಗಳು" ಹಾಡಿದ್ದಾರೆ. ಅದೂ ನಗಿಸುವಂಥದ್ದೇ. ಒಂದೇ ಹಾಡಿನಲ್ಲಿ ಒಂಬತ್ತು ಸಲ ಮೇಲಿನ "ಸಿ" ಸ್ವರ ಮುಟ್ಟಬೇಕು. ನಮ್ಮ ಕಂಪನಿ ನಾಟಕಗಳಲ್ಲಿ, ಇಲ್ಲಿನ ಮರಾಠಿ ಸಂಗೀತ ನಾಟಕಗಳಲ್ಲಿ "ಒನ್ಸ್ ಮೋರ್" ಕೂಗು ಬೀಳುತ್ತಿತ್ತಲ್ಲ, ಇದನ್ನು ಕೇಳಿದಾಗ ನನಗೂ ಹಾಗೆ ಕೂಗಬೇಕು ಅನ್ನಿಸಿತು. ದೆಸ್ಸೇ ಅಂತೂ ಇಸ್ತ್ರಿ ಹಾಕುತ್ತಾ, ಆಲೂಗಡ್ಡೆ ಸುಲಿಯುತ್ತಾ ಹಾಡುತ್ತಾರೆ.

ಸ್ಪೇನಿನಲ್ಲಿ ನಡೆಯುವ ಬಿಜೆಯ ಒಪೆರಾ "ಕಾರ್ಮೆನ್" ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಲು, ಧೂಳು, ನಿಜವಾದ ಸ್ಪೇನ್ ಬೇಕಾದರೆ ಫ್ರಾಂಚೆಸ್ಕೊ ರೋಸಿಯ 1984ರ ಸಿನಿಮಾ. ಅದರ ನಾಯಕಿ ಜೂಲಿಯಾ ಮಿಗೆನೆಸ್. ವೇದಿಕೆಯದು ಬೇಕಾದರೆ 2010ರ ಮೆಟ್, ಎಲೀನಾ ಗರಾನ್ಚಾ ಮತ್ತು ರೊಬೆರ್ತೊ ಅಲಾನ್ಯಾ. ಅವತ್ತು ಗೂಳಿಕಾಳಗದವನ ಪಾತ್ರದವರಿಗೆ ಹುಷಾರಿಲ್ಲದೆ, ಟೆಡ್ಡಿ ಟಾಹು ರೋಡ್ಸ್‌ಗೆ ಮೂರು ಗಂಟೆ ಮೊದಲಷ್ಟೇ ಕರೆ ಹೋಯಿತು. ಅವರು ಬಂದು ಹಾಡಿದ್ದು ಜಗತ್ತಿನ ಸಿನಿಮಾ ಮಂದಿರಗಳಲ್ಲಿ ನೇರವಾಗಿ ಹೋಯಿತು. ಎರಡೂ ಒಳ್ಳೆಯವು, ಯಾವುದು ಸಿಕ್ಕರೂ ನೋಡಿ.

ಜರ್ಮನಿಯ ರಚನಕಾರ ವಾಗ್ನರ್‌ನನ್ನು ಮೊದಲ ವರ್ಷ ಮುಟ್ಟಬೇಡಿ. ಅವನ "ರಿಂಗ್" ನಾಲ್ಕು ಒಪೆರಾ ಸೇರಿ ಸುಮಾರು ಹದಿನೈದು ಗಂಟೆ. ಇಡೀ ರಾತ್ರಿ ಆಟ ನೋಡುವ ನಮ್ಮ ಕರಾವಳಿಯವರು ಬೇಕಾದರೆ ಧೈರ್ಯ ಮಾಡಬಹುದು.

ಮನೆಯಲ್ಲಿ ಮಕ್ಕಳಿದ್ದರೆ

ಡೊಂಬಿವಲಿಯ ತಾಯಿಗೆ ಎರಡು ಹೆಸರು ಹೇಳಿದೆ, ಎರಡೂ ಮೊಜಾರ್ಟ್‌ನ "ಮ್ಯಾಜಿಕ್ ಫ್ಲೂಟ್". ಒಂದು 1975ರಲ್ಲಿ ಇಂಗ್ಮರ್ ಬರ್ಗ್‌ಮನ್ ಸ್ವೀಡನ್ನಿನ ಟಿವಿಗೆ ಮಾಡಿದ್ದು. ಇನ್ನೊಂದು 2006ರ ಮೆಟ್. ಈ ಎರಡನೆಯದು ಮೆಟ್ ತನ್ನ ಪ್ರದರ್ಶನಗಳನ್ನು ಸಿನಿಮಾ ಮಂದಿರಗಳಿಗೆ ನೇರವಾಗಿ ಕಳಿಸಲು ಶುರು ಮಾಡಿದಾಗಿನ ಮೊಟ್ಟಮೊದಲನೆಯದು, ಆ ವರ್ಷದ ಡಿಸೆಂಬರ್ 30ರಂದು.

ಮೆಟ್‌ನದು ಇಂಗ್ಲಿಷಿನಲ್ಲಿದೆ, ಮಕ್ಕಳಿಗೆಂದೇ ಸುಮಾರು 100 ನಿಮಿಷಕ್ಕೆ ಇಳಿಸಿದ್ದಾರೆ. ಜೂಲಿ ಟೇಮೋರ್ ಅವರ ಬೊಂಬೆಗಳು, ಗಾಳಿಯಲ್ಲಿ ತೇಲುವ ಪ್ರಾಣಿಗಳು ಇವೆ. ಸಬ್‌ಟೈಟಲ್ ಓದುವಷ್ಟು ವೇಗ ಇಲ್ಲದ ಮಗುವಿಗೆ ಇದೇ ಸರಿ. ಬರ್ಗ್‌ಮನ್‌ನದು ಸ್ವೀಡಿಷ್ ಭಾಷೆಯದು, ಎರಡು ಗಂಟೆಗಿಂತ ಜಾಸ್ತಿ, ಹಾಡು ಮೊದಲೇ ರೆಕಾರ್ಡ್ ಆದದ್ದು. ಹಾಗೆ ನೋಡಿದರೆ ನನ್ನ ಮೊದಲ ಅಳತೆಯಲ್ಲಿ ಇದು ಸೋಲಬೇಕಿತ್ತು. ಸೋಲುವುದಿಲ್ಲ. ಶುರುವಿನ ಸಂಗೀತ ನಡೆಯುವಾಗ ಬರ್ಗ್‌ಮನ್ ನೋಡುಗರ ಮುಖಗಳನ್ನು ತೋರಿಸುತ್ತಾ ಹೋಗುತ್ತಾರೆ, ಅದರಲ್ಲಿ ಒಬ್ಬ ಪುಟ್ಟ ಹುಡುಗಿಯ ಮುಖ ಮತ್ತೆ ಮತ್ತೆ ಬರುತ್ತದೆ. ಹಾಡುವವರ ಮುಖಗಳೂ ಹಾಗೆಯೇ, ಪಕ್ಕದ ಮನೆಯವರಂತೆ. ಹಕ್ಕಿ ಹಿಡಿಯುವ ಪಾಪಗೆನೊ ಆಗಿ ಹೋಕನ್ ಹಾಗೆಗೋರ್ಡ್ ಅವರನ್ನು ನೋಡಿದರೆ ಯಾವ ಮಗುವಿಗೂ ಇಷ್ಟವಾಗುತ್ತದೆ. ಮಗುವಿಗೆ ಹತ್ತು ದಾಟಿದ್ದರೆ, ಪಕ್ಕದಲ್ಲಿ ಕೂತು ಕಥೆ ಹೇಳಲು ನಿಮಗೆ ಪುರುಸೊತ್ತಿದ್ದರೆ, ಬರ್ಗ್‌ಮನ್.

ಗೀತೆಯ ಶ್ಲೋಕದ ಒಪೆರಾ

ಇಟಾಲಿಯನ್ ಬೇಡ, ನಮಗೆ ಹತ್ತಿರದ್ದು ಏನಾದರೂ ಇದೆಯಾ ಅಂತ ಕೇಳುವವರಿಗೆ ಫಿಲಿಪ್ ಗ್ಲಾಸ್ ಅವರ "ಸತ್ಯಾಗ್ರಹ" ಇದೆ. 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲು ಆಡಿದ್ದು. ಮೆಟ್ ಇದನ್ನು 2011ರ ನವೆಂಬರ್‌ನಲ್ಲಿ ಸಿನಿಮಾ ಮಂದಿರಗಳಿಗೆ ಕಳಿಸಿತು. ಗಾಂಧೀಜಿಯ ದಕ್ಷಿಣ ಆಫ್ರಿಕಾದ ವರ್ಷಗಳ ಕಥೆ. ಹಾಡುವ ಮಾತೆಲ್ಲ ಸಂಸ್ಕೃತ, ಭಗವದ್ಗೀತೆಯ ಶ್ಲೋಕಗಳು. ಗಾಂಧಿಯಾಗಿ ರಿಚರ್ಡ್ ಕ್ರಾಫ್ಟ್. ಹಳೆಯ ಪೇಪರ್, ಅಂಟುಪಟ್ಟಿಯಿಂದ ಮಾಡಿದ ದೈತ್ಯ ಬೊಂಬೆಗಳು ವೇದಿಕೆಯ ಮೇಲೆ ಏಳುತ್ತವೆ.

ಇದು ತುಂಬಾ ನಿಧಾನ. ಉಚ್ಚಾರಣೆ ನಮ್ಮ ಕಿವಿಗೆ ತಕ್ಷಣ ಸಿಗುವುದಿಲ್ಲ. ಕಥೆ ಮುಂದೆ ಓಡಬೇಕು ಅನ್ನುವವರಿಗೆ ಇದು ಆಗಿಬರಲ್ಲ. ಆದರೆ ಕೊನೆಯಲ್ಲಿ ಗಾಂಧಿ ಒಬ್ಬನೇ ನಿಂತು ಮೇಲೇರುವ ಎಂಟು ಸ್ವರಗಳನ್ನು ಮತ್ತೆ ಮತ್ತೆ ಹಾಡುತ್ತಾನೆ. ಹಾರ್ಮೋನಿಯಂ ಇದ್ದರೆ "ಇ" ಇಂದ "ಇ"ಗೆ ಬರೀ ಬಿಳಿ ಕೀಲಿಗಳ ಮೇಲೆ ಹತ್ತಿ ನೋಡಿ. ಭೈರವಿ ಥಾಟ್‌ನ ಸ್ವರಗಳೇ ಅವು. ಕಛೇರಿ ಮುಗಿಸುವ ಹೊತ್ತಿನ ಭೈರವಿ ಕೇಳಿ ಎದ್ದು ಬರುವ ನಮ್ಮಂಥವರಿಗೆ ಆ ಮುಕ್ತಾಯ ಎಲ್ಲಿ ತಾಗುತ್ತದೆ ಅಂತ ಬೇರೆ ಹೇಳಬೇಕಾ? ಕ್ರಾಫ್ಟ್ ಅದನ್ನು ಒಂದಿಷ್ಟೂ ಅಭಿನಯವಿಲ್ಲದೆ ಹಾಡುತ್ತಾರೆ. ಉಸಿರು ತೆಗೆದುಕೊಳ್ಳುವುದು, ಹತ್ತುವುದು, ನಿಲ್ಲುವುದು, ಮತ್ತೆ ಉಸಿರು. ನೋಡುವವರಿಗೆ ಅಷ್ಟೇ ಕಾಣುತ್ತದೆ.

ಎಲ್ಲಿ ನೋಡೋದು, ಎಷ್ಟು ಖರ್ಚು

ದೊಡ್ಡ ಪರದೆ ಬೇಕಾದರೆ ನರಿಮನ್ ಪಾಯಿಂಟ್‌ನ ಎನ್‌ಸಿಪಿಎ, ಅಂದರೆ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ. ಮೆಟ್‌ನ ಪ್ರದರ್ಶನಗಳನ್ನು ಅಲ್ಲಿ ತೋರಿಸುತ್ತಾ ಬಂದಿದ್ದಾರೆ. ನ್ಯೂಯಾರ್ಕಿನ ಶನಿವಾರದ ಮಧ್ಯಾಹ್ನ ಒಂದು ಗಂಟೆಯ ಆಟ ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗುತ್ತದೆ, ಹಾಗಾಗಿ ಇಲ್ಲಿ ನೋಡುವುದು ಆಮೇಲೆ ಬರುವ ರೆಕಾರ್ಡಿಂಗ್. ದೊಡ್ಡ ಹಾಲ್‌ನ ಧ್ವನಿ, ಅಕ್ಕಪಕ್ಕದವರ ಮೌನ, ಮಧ್ಯಂತರದಲ್ಲಿ ಬೆವರು ಒರೆಸಿಕೊಳ್ಳುತ್ತಾ ಮಾತಾಡುವ ಗಾಯಕರ ಸಂದರ್ಶನ, ಇವು ಮನೆಯಲ್ಲಿ ಸಿಗುವುದಿಲ್ಲ. ಪಾತ್ರದಿಂದ ಈಗಷ್ಟೇ ಹೊರಬಂದವರ ಏದುಸಿರು ಕೇಳುವುದು ನನಗೆ ಪ್ರತಿ ಸಲವೂ ಹೊಸದು. ಆದರೆ ಯಾವ ಒಪೆರಾ, ಯಾರು ಹಾಡಿದ್ದು ಅನ್ನುವ ಆಯ್ಕೆ ನಿಮ್ಮದಲ್ಲ. ಟಿಕೆಟ್ ದುಡ್ಡಿನ ಜೊತೆ ಪ್ರಯಾಣವನ್ನೂ ಲೆಕ್ಕ ಹಾಕಿ. ಚರ್ಚ್‌ಗೇಟಿನಿಂದ ಶೇರ್ ಟ್ಯಾಕ್ಸಿ ಸಿಗುತ್ತದೆ. ಡೊಂಬಿವಲಿ, ಕಲ್ಯಾಣ ಕಡೆಯವರು ನಾಲ್ಕು ಗಂಟೆಯ ಒಪೆರಾಕ್ಕೆ ಸಂಜೆ ಹೋದರೆ ಮನೆ ಸೇರುವಾಗ ಮಧ್ಯರಾತ್ರಿ ಆಗಬಹುದು. ಮೊದಲ ಸಲ ಚಿಕ್ಕದನ್ನು ಆರಿಸಿ. ಪುಚ್ಚೀನಿಯ "ಲಾ ಬೊಹೀಮ್" ಬಂದರೆ ಬಿಡಬೇಡಿ, ಅದರ ಸಂಗೀತ ಎರಡು ಗಂಟೆಯೂ ಇಲ್ಲ.

ದುಡ್ಡು ಖರ್ಚು ಬೇಡವೆಂದರೆ ಒಪೆರಾವಿಷನ್ ಇದೆ. ಯುರೋಪಿನ ಒಪೆರಾ ಮನೆಗಳು ಸೇರಿ 2017ರಿಂದ ನಡೆಸುತ್ತಿರುವ ಉಚಿತ ಸೇವೆ. ಸಬ್‌ಟೈಟಲ್ ಇರುತ್ತದೆ. ಪ್ರದರ್ಶನಗಳು ಕೆಲವು ತಿಂಗಳು ಇದ್ದು ಹೋಗುತ್ತವೆ, ಬಂದಾಗಲೇ ನೋಡಬೇಕು. ಹೊಸ ಗಾಯಕರನ್ನು ಪರಿಚಯ ಮಾಡಿಕೊಳ್ಳಲು ಒಳ್ಳೆಯ ಜಾಗ. ತಿಂಗಳಿಗಿಷ್ಟು ಅಂತ ಕೊಡಲು ಆಗುವವರಿಗೆ ಮೆಟ್‌ನದೇ ಆನ್ ಡಿಮ್ಯಾಂಡ್ ಸೇವೆ ಇದೆ. ಅಲ್ಲಿ 1977ರಲ್ಲಿ ಟಿವಿಗೆ ನೇರ ಪ್ರಸಾರವಾದ ಪವರೊಟ್ಟಿ ಮತ್ತು ರೆನಾಟಾ ಸ್ಕೊತ್ತೊ ಅವರ ಬೊಹೀಮ್‌ನಿಂದ ಶುರು ಮಾಡಿ. ಡಿವಿಡಿಗಳಿಗೆ ಮೊದಲು ಕಾಲಾ ಘೋಡಾದ ರಿದಮ್ ಹೌಸ್ ಇತ್ತು. ಅದು 2016ರಲ್ಲಿ ಬಾಗಿಲು ಹಾಕಿತು. ನನ್ನ ಕಲಾಸ್ ಅಲ್ಲಿಂದಲೇ ಬಂದದ್ದು.

ಮನೆಯಲ್ಲಿ ನೋಡುವಾಗ ಫೋನಿನ ಸ್ಪೀಕರ್ ಬೇಡ. ಒಂದು ಸಾಧಾರಣ ಹೆಡ್‌ಫೋನ್ ಆದರೂ ಇರಲಿ, ಇಲ್ಲದಿದ್ದರೆ ಕಂಠದ ಬಣ್ಣವೇ ಹೋಗುತ್ತದೆ. ಪರದೆ ಚಿಕ್ಕದಾದರೆ ಸಹಿಸಬಹುದು.

ಮೂವರೂ ಆರಿಸಿದ್ದಾಗಿದೆ. ನಾಟಕದ ಹುಡುಗಿ ಪತ್ರದ ಪರೀಕ್ಷೆ ಮಾಡಿ, ನಾನು ಹೇಳಿದ್ದನ್ನು ಬಿಟ್ಟು 1994ರ ಗಿಯೋರ್ಗಿಯುವನ್ನು ಆರಿಸಿದಳು. ಡೊಂಬಿವಲಿಯ ಮಗು ಮೆಟ್‌ನ ಮ್ಯಾಜಿಕ್ ಫ್ಲೂಟ್‌ನ ಕರಡಿಗಳನ್ನು ಎರಡನೇ ಸಲ ನೋಡುತ್ತಿದೆ ಅಂತ ಸುದ್ದಿ. ಬ್ಯಾಂಕಿನ ಹಿರಿಯರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ತೋಸ್ಕಾದ ಎರಡನೇ ಅಂಕ ಆಗಷ್ಟೇ ಮುಗಿದಿತ್ತು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, "ಮೊದಲನೇ ಅಂಕ ಎಲ್ಲಿ ಸಿಗುತ್ತೆ?" 1992ರ ರೋಮ್‌ನದನ್ನು ಹಾಕಿ ಸಾರ್ ಅಂದೆ.